ರಿಂಗು ಹಗುರಾದ ಕಾರಣ

ತಿಮ್ಮರಾಯಪ್ಪ ಅಂಗಡಿಯಲ್ಲಿ ತೂಗಿಸಿ ತಂದ ಸಕ್ಕರೆಯನ್ನು ಮನೆಯಲ್ಲಿ ಇನ್ನೊಮ್ಮೆ ತೂಗುವ ಮನುಷ್ಯ. ತೂಕ ಸರಿ ಬಂದರೂ ಸಮಾಧಾನವಿಲ್ಲ. ಅಂಗಡಿಯವನು ಇವತ್ತು ಯಾಕೆ ಸರಿಯಾಗಿ ಕೊಟ್ಟ ಎಂಬ ಯೋಚನೆ ಶುರುವಾಗುತ್ತಿತ್ತು. ಬಸ್ಸಿನಲ್ಲಿ ಯಾರಾದರೂ ಸರಿದು ಜಾಗ ಕೊಟ್ಟರೆ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ. ಚಹಾ ಕುಡಿಸಿದವರು ಸಂಜೆಯೊಳಗೆ ಏನೋ ಕೇಳಿಯೇ ಕೇಳುತ್ತಾರೆಂದು ಕಾಯುತ್ತಿದ್ದ; ಅವರು ಏನೂ ಕೇಳದಿದ್ದರೆ ಅದೇ ದೊಡ್ಡ ತಲೆನೋವು. ಇಂಥವನ ಜೊತೆ ಬಾಳುವುದು ಹೇಗೆ ಎಂದು ಅವನ ಹೆಂಡತಿ ಸಿದ್ದಕ್ಕನನ್ನು ಕೇಳಿದರೆ ಆಕೆ ನಗುತ್ತಿದ್ದಳು. "ಸಾರಿಗೆ ಉಪ್ಪು ಕಮ್ಮಿ ಐತೆ ಅಂತ ತಟ್ಟೆ ಮುಂದೆ ಕುಂದ್ರಾಕೆ ಮುಂಚೇನೆ ಹೇಳ್ತಾರೆ. ಅಂಥ ಗಂಡ ನಿಮಗೂ ಸಿಗ್ಲಿ ಬಿಡ್ರಿ!"

ಈ ಗುಣ ಆಕಾಶದಿಂದ ಉದುರಿದ್ದಲ್ಲ. ಹರಿಯಬ್ಬೆಯ ಕಡೆ ಅವರದು ಕುರಿ ಕಾಯುವ, ಕಂಬಳಿ ನೇಯುವ ಮನೆ. ತಿಮ್ಮರಾಯಪ್ಪ ಚಿಕ್ಕವನಿದ್ದಾಗ ದಾರಿಹೋಕನೊಬ್ಬ ನೀರು ಕೇಳಿಕೊಂಡು ಬಂದ. ಅಪ್ಪ ನೀರು ಕೊಟ್ಟು, ಮುದ್ದೆ ಉಣ್ಣಿಸಿ, ಕುರಿ ರೊಪ್ಪದ ಪಕ್ಕದಲ್ಲೇ ಮಲಗಲು ಒಂದು ಕಂಬಳಿಯನ್ನೂ ಕೊಟ್ಟ. ಬೆಳಗ್ಗೆ ಎದ್ದು ನೋಡಿದರೆ ದಾರಿಹೋಕನೂ ಇಲ್ಲ, ಮಂದೆಯ ಒಳ್ಳೆಯ ಟಗರೂ ಇಲ್ಲ, ಕಂಬಳಿಯೂ ಇಲ್ಲ. ಅಪ್ಪ ಒಂದಷ್ಟು ದಿನ ಬೈದು ಮರೆತ. ಮಗ ಮರೆಯಲಿಲ್ಲ. ನಗುನಗುತ್ತಾ ಬರುವ ಹೊರಗಿನವರೆಂದರೆ ಅವನ ಮನಸ್ಸು ಅವತ್ತೇ ಬಾಗಿಲು ಹಾಕಿಕೊಂಡಿತು. ತನ್ನವರಿಗೆ ಮಾತ್ರ ಅದು ತೆರೆದಿರುತ್ತಿತ್ತು, ಅದರಲ್ಲೂ ಅಕ್ಕ ಓಬಕ್ಕನಿಗೆ. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆಕೆ. ಅಕ್ಕ ಹೇಳಿದ್ದನ್ನು ಅವನು ಎಂದೂ ತೂಗಿ ನೋಡಿದವನಲ್ಲ.

ಅವನು ಕೆಲಸ ಮಾಡುತ್ತಿದ್ದ ಕಾರ್ಖಾನೆ ದುರ್ಗದ ಹೊರಗೆ, ಜೋಗಿಮಟ್ಟಿಯ ಗುಡ್ಡ ಕಾಣುವ ಕಡೆ ಇತ್ತು. ದೊಡ್ಡದೇನಲ್ಲ, ಎರಡು ಶೆಡ್ಡು, ಒಂದು ಫರ್ನೇಸು, ಮಾಲೀಕ ರವೀಂದ್ರನ ಒಂದು ಗಾಜಿನ ಕೋಣೆ. ಅಲ್ಲಿ ತಯಾರಾಗುತ್ತಿದ್ದದ್ದು ಪಂಪುಗಳಿಗೆ ಹಾಕುವ ಕಪ್ಪು ರಿಂಗುಗಳು. ಪಂಪು ತಿರುಗುವಾಗ ನೀರು ಹೊರಗೆ ಸೋರದಂತೆ ಎರಡು ರಿಂಗುಗಳು ಒಂದರ ಮೇಲೊಂದು ಉಜ್ಜಿಕೊಂಡು ಕೂರುತ್ತವೆ. ಹೊಸದುರ್ಗ, ಹೊಳಲ್ಕೆರೆ ಕಡೆಯ ಗಣಿಗಳಲ್ಲಿ ಮಣ್ಣು ಕಲ್ಲು ಬೆರೆತ ನೀರನ್ನು ಎತ್ತುವ ಪಂಪುಗಳಲ್ಲಿ ಉಕ್ಕಿನ ರಿಂಗು ಬೇಗ ಸವೆದುಹೋಗುತ್ತದೆ. ಅದಕ್ಕೇ ಈ ಸಿಲಿಕಾನ್ ಕಾರ್ಬೈಡು. ಸಾಣೆಕಲ್ಲಿನಲ್ಲಿ ಇರುತ್ತದಲ್ಲ, ಕಪ್ಪಗೆ ಮಿರಮಿರ ಮಿಂಚುವ ಪುಡಿ, ಅದೇ.

ಈ ಪುಡಿಯ ಹಟವನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ರಾದ್ಧಾಂತ ಅರ್ಥವಾಗುವುದಿಲ್ಲ. ಮಣ್ಣನ್ನು ಸುಟ್ಟರೆ ಮಡಕೆಯಾಗುತ್ತದೆ. ಸಿಲಿಕಾನ್ ಕಾರ್ಬೈಡನ್ನು ಬರಿದೇ ಎಷ್ಟು ಸುಟ್ಟರೂ ಕಣಕ್ಕೆ ಕಣ ಅಂಟುವುದಿಲ್ಲ. ಜಗಳವಾಡಿದ ದಾಯಾದಿಗಳ ಹಾಗೆ ಬೇರೆಬೇರೆಯಾಗಿಯೇ ಉಳಿಯುತ್ತವೆ. ಅವುಗಳನ್ನು ಒಂದು ಮಾಡಲು ಸ್ವಲ್ಪವೇ ಸ್ವಲ್ಪ ಬೇರೆ ಪುಡಿ ಬೆರೆಸಬೇಕು. ಕಾರ್ಖಾನೆಯಲ್ಲಿ ಎರಡು ಬಗೆಯ ಬೆರಕೆ ಇತ್ತು. ಬಿಳಿ ಬೆರಕೆಯಲ್ಲಿ ಅಲ್ಯೂಮಿನಾ ಮತ್ತು ಇಟ್ರಿಯಾ ಎಂಬ ಎರಡು ಬಿಳಿ ಪುಡಿಗಳು. ಬೆಂಕಿಯಲ್ಲಿ ಇವೆರಡೂ ಸೇರಿ ಕರಗಿ, ಚಿಕ್ಕಿಯಲ್ಲಿ ಬೆಲ್ಲದ ಪಾಕ ಶೇಂಗಾ ಕಾಳನ್ನು ಹಿಡಿಯುವಂತೆ ಕಪ್ಪು ಕಣಗಳನ್ನು ಹಿಡಿದುಕೊಳ್ಳುತ್ತವೆ. ಈ ರಿಂಗು ಗಟ್ಟಿ ಜೀವ. ಪೆಟ್ಟು ತಿಂದರೂ ಬಿರುಕು ನೆಟ್ಟಗೆ ಓಡದೆ ಅಡ್ಡಾಡಿ ಸುಸ್ತಾಗಿ ನಿಲ್ಲುತ್ತದೆ. ಬೆಂಕಿಯೂ ಕಡಿಮೆ ಸಾಕು. ಆದರೆ ಮುಂದೆ ಅತಿ ಕಾವಿರುವ ಕಡೆ ಹಾಕಿದರೆ ಆ ಪಾಕ ಮತ್ತೆ ಮೆತ್ತಗಾಗುತ್ತದೆ. ಇನ್ನೊಂದು ಕರಿ ಬೆರಕೆ, ಅಂದರೆ ಬೋರಾನು ಮತ್ತು ಇಂಗಾಲ. ಅದರಲ್ಲಿ ಪಾಕವಿಲ್ಲ; ಇಂಗಾಲ ಕಣದ ಮೈಮೇಲಿನ ಪೊರೆಯನ್ನು ತೊಳೆಯುತ್ತದೆ, ಬೋರಾನು ಕಣಕ್ಕೆ ಕಣವನ್ನೇ ಬೆಸೆಯುತ್ತದೆ. ಬೆಂಕಿ ಬಹಳ ಬೇಕು. ಬಂದ ರಿಂಗು ಇನ್ನೂ ಕಠಿಣ, ಕಾವಿಗೂ ಆಸಿಡ್ಡಿಗೂ ಜಗ್ಗುವುದಿಲ್ಲ. ಆದರೆ ಕೈಜಾರಿ ನೆಲಕ್ಕೆ ಬಿದ್ದರೆ ಬಳೆಚೂರು.

ಫರ್ನೇಸು ನೋಡಿಕೊಳ್ಳುವುದು, ಜೊತೆಗೆ ಪುಡಿಗಳ ಸ್ಟೋರಿನ ಬೀಗದ ಕೈ, ಎರಡೂ ತಿಮ್ಮರಾಯಪ್ಪನ ಪಾಲಿಗಿದ್ದವು. ಬೀಗದ ಕೈ ಕೊಡಲು ರವೀಂದ್ರನಿಗೆ ಇವನಿಗಿಂತ ಒಳ್ಳೆಯವನು ಸಿಗುತ್ತಲೂ ಇರಲಿಲ್ಲ. ಇಟ್ರಿಯಾ ಬಂಗಾರದ ಬೆಲೆಯ ಪುಡಿಯೆಂದು ತಿಮ್ಮರಾಯಪ್ಪನಿಗೆ ಯಾರೋ ಹೇಳಿದ್ದರು. ಅಷ್ಟೇನೂ ಇಲ್ಲ, ಆದರೂ ದುಬಾರಿಯೇ. ಅವನು ಆ ಡಬ್ಬವನ್ನು ದಿನಕ್ಕೆ ಹಲವು ಸಲ ಮುಟ್ಟಿ ನೋಡಿ ಬರುತ್ತಿದ್ದ. ಕಂಬಳಿ ಕೊಳ್ಳುವವರು ಕಡಿಮೆಯಾದ ಮೇಲೆ ಓಬಕ್ಕನಿಗೂ ಅಲ್ಲೇ, ಪುಡಿಯನ್ನು ಅಚ್ಚಿಗೆ ಹಾಕಿ ರಿಂಗು ಒತ್ತುವ ಪ್ರೆಸ್ಸಿನಲ್ಲಿ, ಕೆಲಸ ಕೊಡಿಸಿದ್ದ. ತಮ್ಮನ ಮನೆಯಲ್ಲೇ ಇದ್ದ ಅಕ್ಕ ಅವನ ಬೈಕಿನ ಹಿಂದೆ ಕೂತು ಬರುತ್ತಿದ್ದಳು. ಭಾನುವಾರ ಮಾತ್ರ ಮಗ್ಗದ ಗುಂಡಿಗೆ ಇಳಿದು ಒಂದಿಷ್ಟು ಕಂಬಳಿ ನೇಯುತ್ತಿದ್ದಳು, ಕೈಗೆ ರೂಢಿ ತಪ್ಪಬಾರದೆಂದು.

ಪುಡಿಗಳನ್ನು ತೂಗಿ, ನೀರಿನಲ್ಲಿ ಅರೆದು, ಒಣಗಿಸಿ ಜರಡಿ ಹಿಡಿಯುವ ಬೆರಕೆ ಕೋಣೆಯಲ್ಲಿ ರೋಜಾ ಎಂಬ ಹುಡುಗಿ ಇದ್ದಳು. ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಬರುವವಳು, ಡಿಪ್ಲೊಮಾ ಮುಗಿಸಿ ಸೇರಿದ್ದವಳು. ಚುರುಕು ಹುಡುಗಿ. ಎಲ್ಲರನ್ನೂ ಅಣ್ಣಾ ಅಕ್ಕಾ ಎಂದು ಮಾತಾಡಿಸುತ್ತಿದ್ದಳು, ಸದಾ ನಗುತ್ತಿದ್ದಳು. ತಿಮ್ಮರಾಯಪ್ಪನಿಗೆ ಅಷ್ಟು ಸಾಕಾಯಿತು. ಇಷ್ಟೊಂದು ನಗುವುದಕ್ಕೆ ಇವಳಿಗೆ ಇಲ್ಲಿ ಏನು ಸಿಗುತ್ತಿದೆ? ಊಟದ ಹೊತ್ತಿನಲ್ಲಿ ಶೆಡ್ಡಿನ ಹಿಂದೆ ಹೋಗಿ ಫೋನಿನಲ್ಲಿ ಯಾರ ಹತ್ತಿರ ಮಾತಾಡುತ್ತಾಳೆ? ಒಂದು ಊಟದ ಡಬ್ಬಿಗೆ ಅಷ್ಟು ದೊಡ್ಡ ಬ್ಯಾಗು ಯಾಕೆ?

ಹೋದ ಬೇಸಿಗೆಯಲ್ಲಿ ತೊಂದರೆ ಶುರುವಾಯಿತು. ಬಿಳಿ ಬೆರಕೆಯ ರಿಂಗುಗಳು ಫರ್ನೇಸಿನಿಂದ ಹೊರಬಂದಾಗ ಕೈಗೆ ಹಗುರ ಎನಿಸಿದವು. ಮೈಮೇಲೆ ಸಣ್ಣ ಸಣ್ಣ ತೂತು. ಗಣಿಯ ಪಂಪಿಗೆ ಹಾಕಿದ ರಿಂಗುಗಳು ಸೋರಿ ವಾಪಸ್ಸು ಬಂದವು. ಎರಡನೆಯ ಸಲವೂ ಹಾಗೇ ಆಯಿತು. ಕಾರ್ಖಾನೆಯ ಎಂಜಿನಿಯರ್ ಲತಾ ಒಂದು ರಿಂಗನ್ನು ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದಳು. ಇರಬೇಕಾದಷ್ಟು ಬಿಳಿ ಪುಡಿ ರಿಂಗಿನಲ್ಲಿ ಇಲ್ಲ ಎಂದು ಅಲ್ಲಿಂದ ಫೋನು ಬಂತು.

ರವೀಂದ್ರ ಗಾಜಿನ ಕೋಣೆಯೊಳಕ್ಕೆ ತಿಮ್ಮರಾಯಪ್ಪನನ್ನು ಕರೆದು ಬಾಗಿಲು ಹಾಕಿದ.

"ಸ್ಟೋರಿಂದ ಪುಡಿ ಸರಿಯಾಗೇ ಹೋಗೈತೆ ಅಲ್ವಾ?"

"ನಾನೇ ನಿಂತು ತೂಗಿಸಿ ಕೊಟ್ಟೀನಿ ಸಾರ್."

"ಹಂಗಾದ್ರೆ ಬೆರಸೋ ಕಡೆ ಕಮ್ಮಿ ಆಗ್ತೈತೆ. ಯಾರ ಮೇಲಾದ್ರೂ ಅನುಮಾನ ಐತೇನಪ್ಪ?"

ಅನುಮಾನ ಇದೆಯೇ ಎಂದು ತಿಮ್ಮರಾಯಪ್ಪನನ್ನು ಕೇಳುವುದೆಂದರೆ ಕೆರೆಯಲ್ಲಿ ನೀರಿದೆಯೇ ಎಂದು ಮೀನನ್ನು ಕೇಳಿದಂತೆ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಅನುಮಾನಕ್ಕೆ ಮಾಲೀಕನ ಕುರ್ಚಿಯ ಎದುರು ಮರ್ಯಾದೆ ಸಿಕ್ಕಿತ್ತು. ಅವನು ತಡೆಯಲಿಲ್ಲ. ನಗು, ಫೋನು, ದೊಡ್ಡ ಬ್ಯಾಗು ಎಲ್ಲವನ್ನೂ ಒಂದಕ್ಕೊಂದು ಹೆಣೆದು ಹೇಳಿದ. "ಕಣ್ಣಾರೆ ಕಂಡಿಲ್ಲ ಸಾರ್. ಆದ್ರೆ ಆಯಮ್ಮನ ಕೈಯಾಗಲ್ದೆ ಇನ್ನೆಲ್ಲೂ ಆಗಾಕೆ ಸಾಧ್ಯ ಇಲ್ಲ" ಎಂದ.

ಅವತ್ತು ಸಂಜೆ ಗೇಟಿನ ಹತ್ತಿರ ಎಲ್ಲರ ಎದುರು ರೋಜಾಳ ಬ್ಯಾಗನ್ನು ತೆಗೆಸಿದರು. ಡಬ್ಬಿ, ಛತ್ರಿ, ಒಂದು ಟವೆಲ್ಲು, ಅಮ್ಮನ ಮಾತ್ರೆಗಳು. ಅವಳು ಏನೂ ಅರ್ಥವಾಗದೆ ಒಬ್ಬೊಬ್ಬರ ಮುಖ ನೋಡಿದಳು. "ತಿಮ್ಮರಾಯಣ್ಣ, ನೀವಾದ್ರೂ ಹೇಳ್ರಿ, ನಾನು ಯಾಕೆ ಕದೀಲಿ?" ಎಂದಾಗ ಅವಳ ದನಿ ಒಡೆಯಿತು. ಅವನು ಮುಖ ತಿರುಗಿಸಿದ. ಬ್ಯಾಗಿನಲ್ಲಿ ಏನೂ ಸಿಗದಿದ್ದದ್ದು ಅವನ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು. ಇಷ್ಟು ಜಾಣೆಯಾದವಳು ಸಿಗುವ ಹಾಗೆ ಇಟ್ಟುಕೊಳ್ಳುತ್ತಾಳೆಯೇ? ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ರವೀಂದ್ರ ಹೇಳಿದ. ಅವಳು ಸಾಮಾನನ್ನು ಒಂದೊಂದಾಗಿ ಬ್ಯಾಗಿಗೆ ತುಂಬಿಕೊಂಡು ಹೋದಳು. ಯಾರೂ ಸಹಾಯಕ್ಕೆ ಬಗ್ಗಲಿಲ್ಲ.

ಬೈಕಿನ ಹಿಂದೆ ಕೂತಿದ್ದ ಓಬಕ್ಕ ದಾರಿಯಲ್ಲಿ ಕೇಳಿದಳು. "ನಿಜವಾಗ್ಲೂ ಕದ್ದಳೇನಲೇ ಆ ಹುಡುಗಿ?"

"ಕದ್ದಳು ಕಣಕ್ಕ."

"ಅಯ್ಯೋ ಪಾಪಿ. ಅಷ್ಟು ಚೆಂದ ಮಾತಾಡ್ತಿದ್ದಳಲ್ಲ" ಎಂದು ಆಕೆ ನಿಟ್ಟುಸಿರು ಬಿಟ್ಟಳು.

ಕಳ್ಳಿ ಹೋದಳು, ಆದರೆ ರಿಂಗು ಸರಿಹೋಗಲಿಲ್ಲ. ಅವಳೇ ಬೆರೆಸಿಟ್ಟಿದ್ದ ಪುಡಿ ಇನ್ನೂ ಉಳಿದಿದೆ, ಅದಕ್ಕೇ ಹೀಗೆ ಎಂದ ರವೀಂದ್ರ. ತಿಮ್ಮರಾಯಪ್ಪನಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಅವಳಿಗೆ ಒಳಗೊಬ್ಬ ಜೊತೆಗಾರ ಇದ್ದಿರಬೇಕು. ಅವನು ಗಾಡಿ ತರುವ ಡ್ರೈವರನ್ನು ನೋಡಿದ, ಕಸ ಗುಡಿಸುವವಳನ್ನು ನೋಡಿದ, ಕಡೆಗೆ ಲತಾಳ ಮೇಲೂ ಕಣ್ಣಿಟ್ಟ.

ಲತಾಳ ಮೇಲೆ ಅನುಮಾನ ಬರಲು ಕಾರಣವಿತ್ತು. ಅವಳು ರೋಜಾಳನ್ನು ಕಳ್ಳಿ ಎಂದು ಒಮ್ಮೆಯೂ ಅಂದಿರಲಿಲ್ಲ. ಒಂದು ಮಧ್ಯಾಹ್ನ ಸುಟ್ಟ ರಿಂಗನ್ನು ಮುರಿದು ಒಳಗಿನ ತೂತುಗಳನ್ನು ನೋಡುತ್ತಿದ್ದವಳು, ಫರ್ನೇಸಿನ ಬಳಿ ನಿಂತಿದ್ದ ಅವನನ್ನು ಕರೆದಳು.

"ಬರ್ರಿ ತಿಮ್ಮರಾಯಪ್ಪ, ನನಗೊಂದು ಸಮಸ್ಯೆ. ನೀವೇ ಹೇಳಿ, ಕಳ್ಳ ಮನೆಗೆ ನುಗ್ಗಿದ. ಒಂದು ಕಡೆ ಬಂಗಾರ ಐತೆ, ಇನ್ನೊಂದು ಕಡೆ ರಾಗಿ ಚೀಲ ಐತೆ. ಯಾವುದು ಹೊತ್ಕೊಂಡು ಹೋಗ್ತಾನೆ?"

"ಬಂಗಾರ."

"ಬೆಂಗಳೂರಿಂದ ಪೂರ್ತಿ ರಿಪೋರ್ಟ್ ಇವತ್ತು ಬಂತು. ರಿಂಗಿನಲ್ಲಿ ಇಟ್ರಿಯಾ ಹೆಚ್ಚುಕಮ್ಮಿ ಹಾಗೇ ಉಳಿದಿದೆ. ಅರ್ಧಕ್ಕರ್ಧ ಕಾಣೆಯಾಗಿರೋದು ಅಲ್ಯೂಮಿನಾ. ಅದು ಅಗ್ಗದ ಪುಡಿ. ಅದನ್ನ ಯಾರು ಕದೀತಾರೆ?"

ತಿಮ್ಮರಾಯಪ್ಪ ತಲೆ ಕೆರೆದುಕೊಂಡ. ಹುಡುಗಿಗೆ ಎರಡೂ ಬಿಳಿಪುಡಿಗಳ ನಡುವೆ ವ್ಯತ್ಯಾಸ ತಿಳಿಯದೆ ಹೋಗಿರಬಹುದು ಎಂದ. ಡಿಪ್ಲೊಮಾ ಓದಿ, ದಿನಾ ಅದನ್ನೇ ತೂಗುವವಳಿಗೆ ತಿಳಿಯುವುದಿಲ್ಲವೇ ಎಂದು ಲತಾ ಸುಮ್ಮನೆ ನಕ್ಕಳು.

"ನನಗೇನನ್ಸುತ್ತೆ ಅಂದ್ರೆ, ಪುಡಿ ಕಳುವಾಗಿಲ್ಲ. ಬೆಂಕಿಯಲ್ಲೇ ಹೋಗಿದೆ. ಬಿಳಿ ಬೆರಕೆಗೆ ಇಂಗಾಲ ಆಗಿಬರಲ್ಲ. ಅಷ್ಟು ಕಾವಿನಲ್ಲಿ ಇಂಗಾಲ ಇದ್ರೆ ಅಲ್ಯೂಮಿನಾವನ್ನು ತಿಂದು ಗಾಳಿ ಮಾಡಿಬಿಡುತ್ತೆ. ಆ ಗಾಳಿ ಹೊರಗೆ ಹೋಗೋಕೆ ಈ ತೂತು. ರಿಂಗು ಹಗುರ ಆಗೋದೂ ಅದಕ್ಕೇ. ಆದರೆ ಇಂಗಾಲ ಎಲ್ಲಿಂದ ಬಂತು? ಸಕ್ಕರೆ, ಎಣ್ಣೆ, ಹಿಟ್ಟು, ಅಂಥದ್ದೇನಾದ್ರೂ ಪುಡಿಗೆ ಬಿದ್ದಿರಬೇಕು. ಸುಟ್ಟ ಮೇಲೆ ಅದೆಲ್ಲ ಇದ್ದಿಲಲ್ವಾ?"

ಹುಡುಗಿಯನ್ನು ಉಳಿಸಲು ಹೊಸೆದ ಕತೆ ಇದು ಎಂದುಕೊಂಡ ತಿಮ್ಮರಾಯಪ್ಪ. ಆದರೂ ಅನುಮಾನದ ಹುಳಕ್ಕೆ ಒಳ್ಳೆಯ ಮೇವು ಸಿಕ್ಕಿತ್ತು. ಯಾರೋ ಬೇಕಂತಲೇ ಪುಡಿಗೆ ಏನೋ ಹಾಕುತ್ತಿರಬಹುದು! ಮರುದಿನ ಬೆಳಗ್ಗೆಯಿಂದಲೇ ಪುಡಿ ಹೋದ ದಾರಿಯಲ್ಲೆಲ್ಲ ಅವನ ಕಣ್ಣು ಹೋಯಿತು. ಬೆರಕೆ ಕೋಣೆಯಲ್ಲಿ ನಿಂತ, ಒಣಗಿಸುವ ತಟ್ಟೆಗಳ ಬಳಿ ನಿಂತ, ಜರಡಿಯ ಬಳಿ ನಿಂತ. ಏನೂ ಕಾಣಲಿಲ್ಲ. ಕೊನೆಗೆ ಪ್ರೆಸ್ಸಿನ ಹತ್ತಿರ ಬಂದ. ಅಲ್ಲಿ ನಿಲ್ಲುವ ಅಗತ್ಯವೇನೂ ಇರಲಿಲ್ಲ, ಅಲ್ಲಿರುವುದು ಅಕ್ಕ. ಮಾತಾಡಿಸಿ ಹೋಗೋಣವೆಂದು ಬಂದದ್ದು ಅಷ್ಟೆ.

ಓಬಕ್ಕ ಬೋಗುಣಿಯಲ್ಲಿದ್ದ ಪುಡಿಗೆ ತನ್ನ ಸ್ಟೀಲಿನ ಕ್ಯಾನಿನಿಂದ ಏನನ್ನೋ ಚಿಮುಕಿಸಿ, ಅಂಗೈಯಲ್ಲಿ ಉಜ್ಜಿ ಉಜ್ಜಿ ಹದ ಮಾಡುತ್ತಿದ್ದಳು. ಅಂಬಲಿ ಬಣ್ಣದ ಮಂದ ನೀರು. ದಿನಾ ಬೈಕಿನಲ್ಲಿ ಅವನ ಬೆನ್ನಿಗೆ ತಾಗುತ್ತಾ ಬರುತ್ತಿದ್ದ ಕ್ಯಾನು ಅದು. ಅದರಲ್ಲಿರುವುದು ಮಜ್ಜಿಗೆ ಎಂದೇ ಅವನು ತಿಳಿದಿದ್ದ.

"ಏನಕ್ಕ ಅದು?"

"ಗಂಜಿ ಕಣೋ. ಹುಣಸೆ ಬೀಜದ್ದು."

ಕಂಬಳಿ ಮನೆಯಲ್ಲಿ ಹುಟ್ಟಿದವನಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಅರೆದು ಕುದಿಸಿದ ಗಂಜಿ ಸವರದೆ ಉಣ್ಣೆಯ ಹಾಸುನೂಲು ಮಗ್ಗಕ್ಕೆ ಏರುವುದಿಲ್ಲ. ಗಂಜಿ ಕುಡಿದ ನೂಲಿಗೆ ಜುಂಗು ಏಳುವುದಿಲ್ಲ, ಅದು ಹರಿಯುವುದಿಲ್ಲ. ಆ ಬೀಜವನ್ನು ಊರಿನಿಂದ ಚೀಲ ಕಟ್ಟಿ ತಂದುಕೊಟ್ಟವನೂ ಅವನೇ, ಭಾನುವಾರದ ಮಗ್ಗಕ್ಕೆಂದು.

"ಇದಕ್ಕೆ ಯಾಕೆ ಹಾಕ್ತೀಯ?"

"ಮತ್ತಿನ್ನೇನ್ ಮಾಡ್ಲಿ? ಬೇಸಿಗೆ ಬಂದಾಗಿಂದ ಪುಡಿ ಒಣಗಿ ಕಂಗಾಲಾಗೈತೆ. ಒತ್ತಿದ ರಿಂಗು ಎತ್ತಾಕೆ ಹೋದ್ರೆ ಅಂಚು ಉದುರ್ತೈತೆ. ಒಡೆದಿದ್ದೆಲ್ಲ ನನ್ನ ಕೈಯ ತಪ್ಪು ಅಂತಾರೆ. ಎಲ್ಲಾರೂ ನೀರು ಚಿಮುಕಿಸ್ತಾರೆ, ನಾನು ಗಂಜಿ ಚಿಮುಕಿಸ್ತೀನಿ. ಈಗ ನೋಡು, ಒಂದೂ ಒಡೆಯಲ್ಲ." ಆಕೆ ಒತ್ತಿದ ರಿಂಗೊಂದನ್ನು ಎರಡು ಬೆರಳಲ್ಲಿ ಎತ್ತಿ ಹೆಮ್ಮೆಯಿಂದ ತೋರಿಸಿದಳು.

"ಯಾರಿಗೂ ಹೇಳ್ಲಿಲ್ಲವಲ್ಲಕ್ಕ?"

"ಗಂಜಿ ಹಾಕಿದ್ನ ಯಾರಾದ್ರೂ ಊರಿಗೆಲ್ಲ ಹೇಳ್ಕಂತ ಬರ್ತಾರೇನೋ? ಹುಚ್ಚಪ್ಪ."

ಊರವರನ್ನೆಲ್ಲ ಜರಡಿ ಹಿಡಿದವನು ತನ್ನ ಬೆನ್ನ ಹಿಂದೆ ಕೂತವಳನ್ನು ಜರಡಿಗೆ ಹಾಕಿರಲಿಲ್ಲ. ಬಗ್ಗಿ, ಯಾರಿಗೂ ಕೇಳದಂತೆ ಹೇಳಿದ. "ಇವತ್ತಿಂದ ಹಾಕಬ್ಯಾಡ. ಯಾಕೆ ಅಂತ ಕೇಳಬ್ಯಾಡ. ಬರೀ ನೀರು ಸಾಕು." ಕ್ಯಾನನ್ನು ತಾನೇ ತೆಗೆದುಕೊಂಡು ಹೋಗಿ ಶೆಡ್ಡಿನ ಹಿಂದೆ ಚೆಲ್ಲಿ ಬಂದ.

ಬಿಳಿ ಬೆರಕೆಯ ರಿಂಗು ಸರಿಯಾಯಿತು. ಮುಂದಿನ ಬ್ಯಾಚು ಫರ್ನೇಸಿನಿಂದ ಹೊರಬಂದಾಗ ಭಾರವಾಗಿ, ನುಣುಪಾಗಿ, ಕಟ್ಟುಮಸ್ತಾಗಿತ್ತು. ಅಂಚು ಉದುರಿದ ರಿಂಗುಗಳು ಒಂದಿಷ್ಟು ಹೆಚ್ಚಾದವು. ಒಣಗಿಸುವ ಹೊತ್ತನ್ನು ಕಡಿಮೆ ಮಾಡಿ ಲತಾ ಅದನ್ನೂ ಸರಿಪಡಿಸಿದಳು. ತಿಮ್ಮರಾಯಪ್ಪ ನಿಟ್ಟುಸಿರು ಬಿಟ್ಟ. ಯಾರಿಗೂ ಗೊತ್ತಾಗಲಿಲ್ಲ, ಅಕ್ಕನ ಕೆಲಸ ಉಳಿಯಿತು, ಇನ್ನು ಎಲ್ಲ ತಣ್ಣಗಾಗುತ್ತದೆ ಎಂದುಕೊಂಡ. ಅವನ ಲೆಕ್ಕದಲ್ಲಿ ರೋಜಾ ಇರಲೇ ಇಲ್ಲ. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೇ.

ರವೀಂದ್ರ ಮಾತ್ರ ಬೇರೆ ಲೆಕ್ಕ ಹಾಕಿದ. ಹೊಸ ರಿಂಗನ್ನು ಕೈಯಲ್ಲಿ ತೂಗಿ ನೋಡುತ್ತಾ ತಿಮ್ಮರಾಯಪ್ಪನ ಬೆನ್ನು ತಟ್ಟಿದ.

"ನೀನು ಹೇಳಿದ್ದೇ ನಿಜ ಆಯ್ತು ನೋಡು. ಅವಳು ಬೆರೆಸಿದ್ದ ಪುಡಿ ಮುಗೀತು, ರಿಂಗು ಸರಿ ಬಂತು. ಇದಕ್ಕಿಂತ ಸಾಕ್ಷಿ ಬೇಕಾ? ನಾಳಿದ್ದು ಸ್ಟೇಷನ್ನಿಗೆ ಒಂದು ಕಂಪ್ಲೇಂಟ್ ಕೊಟ್ಟುಬಿಡೋಣ. ನೀನೂ ಬಂದು ಹೇಳು. ಹಿರಿಯೂರಿನ ಇನ್ನೊಂದು ಫ್ಯಾಕ್ಟರಿಯವರು ಫೋನ್ ಮಾಡಿ ಅವಳ ಬಗ್ಗೆ ಕೇಳಿದ್ರು. ಹುಷಾರು ಕಣ್ರಿ ಅಂದುಬಿಟ್ಟೆ."

ತಿಮ್ಮರಾಯಪ್ಪ ಹೊರಗೆ ಬಂದ. ಅಕ್ಕನ ಗಂಜಿಯನ್ನು ಅವನು ಗುಟ್ಟಾಗಿ ನಿಲ್ಲಿಸಿದ್ದೇ ಹುಡುಗಿಯ ಕೊರಳಿಗೆ ಉರುಳಾಗಿತ್ತು. ಸುಮ್ಮನಿದ್ದಷ್ಟೂ ಅವಳು ಕಳ್ಳಿಯಾಗುತ್ತಾ ಹೋಗುತ್ತಾಳೆ. ಬಾಯಿ ಬಿಟ್ಟರೆ ಅಕ್ಕ ಬೀದಿಗೆ ಬೀಳುತ್ತಾಳೆ. ಈ ವಯಸ್ಸಿನಲ್ಲಿ ಆಕೆಗೆ ಇನ್ಯಾರು ಕೆಲಸ ಕೊಡುತ್ತಾರೆ? ಒಂದು ಕ್ಷಣ ರೋಜಾ ನಿಜವಾಗಿಯೂ ಏನಾದರೂ ಕದ್ದಿದ್ದರೆ ಚೆನ್ನಾಗಿತ್ತು ಎಂದು ಆಸೆಪಟ್ಟ. ಆ ಆಸೆಗೆ ಅವನಿಗೇ ಹೇಸಿಗೆಯಾಯಿತು.

ಸಂಜೆ ಮನೆಯಲ್ಲಿ ಮುದ್ದೆ ತಟ್ಟೆಯಲ್ಲೇ ಉಳಿಯಿತು. ಸಿದ್ದಕ್ಕ ಸಾರಿಗೆ ಉಪ್ಪು ಸರಿ ಇದೆಯೇ ಎಂದು ಕೇಳಿದರೆ ಹೂಂ ಎಂದ. ಅಷ್ಟಕ್ಕೇ ಆಕೆಗೆ ಗಾಬರಿಯಾಯಿತು. ಎದುರಿಗೆ ಕೂತಿದ್ದ ಓಬಕ್ಕ ಬಿಡಲಿಲ್ಲ, ಏನಾಯಿತು ಹೇಳು ಎಂದು ಹಟ ಹಿಡಿದಳು. ಅವನು ಹೇಳಿದ. ಗಂಜಿ ಬೆಂಕಿಯಲ್ಲಿ ಇದ್ದಿಲಾಗಿದ್ದು, ಇದ್ದಿಲು ಬಿಳಿಪುಡಿಯನ್ನು ತಿಂದಿದ್ದು, ಕಳ್ಳತನ ಆಗಿಯೇ ಇಲ್ಲದ್ದು, ನಾಳಿದ್ದು ಕಂಪ್ಲೇಂಟ್ ಕೊಡುವುದು, ಎಲ್ಲ.

ಓಬಕ್ಕ ತನ್ನ ಅಂಗೈಗಳನ್ನು ನೋಡಿಕೊಂಡಳು.

"ಕದ್ದಳು ಅಂತ ನೀನೇ ಅಲ್ವೇನಲೇ ಹೇಳಿದ್ದು? ನೋಡಿದ್ದೆಯಾ ನೀನು?"

"ಇಲ್ಲಕ್ಕ."

"ನೋಡದೇನೆ ಹೇಳಿದೆ. ನೀನು ಹೇಳಿದೆ ಅಂತ ನಾನೂ ನಂಬಿದೆ. ನನ್ನ ತಮ್ಮ ಸುಳ್ಳು ಹೇಳಾಕಿಲ್ಲ ಅಂತ."

"ಅಕ್ಕ, ಈಗ ಹೇಳಿದ್ರೆ ನಿನ್ನ ಕೆಲಸ..."

"ಹೋಗ್ಲಿ ಬಿಡೋ. ಗೊತ್ತಿಲ್ದೆ ಮಾಡಿದ್ದು ನನ್ನ ತಪ್ಪು, ಅದು ನನ್ನ ತಲೆ ಮ್ಯಾಲೆ ಇರ್ಲಿ. ಅವಳು ಏನೂ ಮಾಡಿಲ್ಲ ಅಲ್ವಾ? ಅಮ್ಮನ ಮಾತ್ರೆ ಹಿಡ್ಕಂಡು ಹೆಂಗೆ ನಿಂತಿದ್ದಳು, ಕಂಡೆಯಲ್ಲ. ಬೆಳಗ್ಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

ಬೆಳಗ್ಗೆ ಎಲ್ಲರೂ ಚಹಾಕ್ಕೆ ಸೇರುವ ಹೊತ್ತಿಗೆ ತಿಮ್ಮರಾಯಪ್ಪ ಹೇಳಿದ. ಗಾಜಿನ ಕೋಣೆಯೊಳಗೆ ಹೇಳಿ ಮುಗಿಸಬಹುದಿತ್ತು. ಆದರೆ ಬ್ಯಾಗು ತೆಗೆಸಿದ್ದು ಎಲ್ಲರ ಎದುರು. ಮಾತು ತೊದಲಿತು, ಹಿಂದುಮುಂದಾಯಿತು. ರೋಜಾ ಕದ್ದದ್ದನ್ನು ತಾನು ನೋಡಿರಲಿಲ್ಲ, ಸುಮ್ಮನೆ ಅನುಮಾನದ ಮೇಲೆ ಹೇಳಿದ್ದು ಎಂದ. ಗಂಜಿಯ ವಿಷಯ ಬಂದಾಗ ಓಬಕ್ಕ ತಾನೇ ಮುಂದೆ ಬಂದು ನಿಂತು, ಕ್ಯಾನನ್ನು ಎತ್ತಿ ತೋರಿಸಿದಳು. ರವೀಂದ್ರನ ಮುಖ ಕೆಂಪಾಯಿತು. ಮೊದಲು ತಿಮ್ಮರಾಯಪ್ಪನನ್ನು ಬೈದ, ಆಮೇಲೆ ಓಬಕ್ಕನನ್ನು ಬೈದ. ಲತಾ ತನ್ನನ್ನೇ ನೋಡುತ್ತಿದ್ದದ್ದನ್ನು ಕಂಡು ಕೊನೆಗೆ ಸುಮ್ಮನಾದ.

ಲತಾ ತನ್ನ ಸಮಾಧಾನಕ್ಕೆಂದು ಆ ವಾರ ಬೇಕಂತಲೇ ಎರಡು ಬೆರಕೆಗೂ ಗಂಜಿ ಹಾಕಿ ಸುಟ್ಟು ನೋಡಿದಳು. ಬಿಳಿ ಬೆರಕೆಯ ರಿಂಗು ಮತ್ತೆ ಹಗುರ, ಮತ್ತೆ ತೂತು. ಕರಿ ಬೆರಕೆಗೆ ಏನೂ ಆಗಲಿಲ್ಲ. ಅದಕ್ಕೆ ಹೇಗೂ ಇಂಗಾಲ ಬೇಕು. ಒಂದಕ್ಕೆ ವಿಷವಾದದ್ದು ಇನ್ನೊಂದಕ್ಕೆ ಊಟ ಎಂದು ಅವಳು ಹೇಳಿದಾಗ, "ನನಗೆ ಅದನ್ನ ಮೊದಲೇ ಹೇಳಬಾರದಿತ್ತಾ ಮೇಡಂ, ನಾನು ಆ ಕಡೆಗೇ ಹಾಕ್ತಿದ್ದೆ" ಎಂದಳು ಓಬಕ್ಕ. ರವೀಂದ್ರ ನಗು ತಡೆದುಕೊಂಡು ಹೊರಗೆ ಹೋದ. ಆಕೆಯ ಕೆಲಸ ಉಳಿಯಿತು, ಕ್ಯಾನು ಮಾತ್ರ ಗೇಟಿನಲ್ಲೇ ಇಡಬೇಕೆಂದಾಯಿತು. ಹಿರಿಯೂರಿಗೂ ಫೋನು ಮಾಡಿ ತಪ್ಪಾಯಿತೆಂದು ಹೇಳುವಂತೆ ಲತಾ ರವೀಂದ್ರನ ಹಿಂದೆ ಬಿದ್ದು ಮಾಡಿಸಿದಳು.

ರೋಜಾಳಿಗೆ ತಿಳಿಸುವ ಕೆಲಸ ಯಾರದ್ದು ಎಂಬ ಮಾತು ಬಂದಾಗ ಎಲ್ಲರೂ ತಿಮ್ಮರಾಯಪ್ಪನ ಕಡೆಗೇ ನೋಡಿದ್ದರು. ಚಹಾಕ್ಕೆ ಸೇರಿದ್ದ ಅವತ್ತೇ, ಶೆಡ್ಡಿನ ಹಿಂದೆ, ಅವನು ಅವಳ ನಂಬರಿಗೆ ಫೋನು ಹಚ್ಚಿದ. ಓಬಕ್ಕ ಪಕ್ಕದಲ್ಲೇ ನಿಂತಿದ್ದಳು. ತುಂಬಾ ಹೊತ್ತು ರಿಂಗಾದ ಮೇಲೆ ಆ ಕಡೆಯಿಂದ ಹಲೋ ಎಂಬ ಸಣ್ಣ ದನಿ ಬಂತು.

"ನಾನವ್ವ, ತಿಮ್ಮರಾಯಪ್ಪ. ನಿನ್ನದು ಏನೂ ತಪ್ಪಿಲ್ಲ ಅಂತ ಗೊತ್ತಾಯ್ತು ಕಣವ್ವ. ಪುಡಿ ಯಾರೂ ಕದ್ದಿಲ್ಲ. ನಾನೇ ಇಲ್ಲದ್ದು ಹೇಳಿಬಿಟ್ಟೆ. ಎಲ್ಲರ ಮುಂದೆ ಹೇಳೀನಿ ಇವತ್ತು. ನಾಳೆಯಿಂದ ಕೆಲಸಕ್ಕೆ ಬಾರವ್ವ."

ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ. ಬಸ್ಸಿನ ಹಾರ್ನು ಕೇಳಿಸಿತು, ಯಾರೋ ಹಿಂದಿನಿಂದ ಮಾತಾಡಿದ್ದು ಕೇಳಿಸಿತು.

"ಸ್ಟೇಷನ್ನಿಗೆ ಕರೆಸ್ತಾರೆ ಅಂತ ಇಲ್ಲಿ ಯಾರೋ ಹೇಳಿದ್ರು. ಅದಕ್ಕೇ ಬಾ ಅಂತೀರಾ?" ಎಂದಳು ರೋಜಾ.

"ಇಲ್ಲವ್ವ! ದೇವರಾಣೆಗೂ ಇಲ್ಲ. ನನ್ನ ಮಾತು ನಂಬು."

"ನೀವು ಹೇಳಿದ್ರೆ ನಂಬಾಕೆ ನನಗೆ ಆಗಲ್ಲ ಅಣ್ಣ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. "ಅಲ್ಲಿ ಬೇರೆ ಯಾರಾದ್ರೂ ಇದ್ರೆ ಫೋನ್ ಕೊಡ್ರಿ."

ಅವನು ಫೋನನ್ನು ಅಕ್ಕನ ಕೈಗೆ ಕೊಟ್ಟ.